ಯಾವ ಕಂಪನಿ ಸರ್ವರ್ ಒಳ್ಳೇದು?

(ನಮ್ಮ ವೇದಿಕೆಯ ವಾರ್ಷಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಊಟಕ್ಕೆ ಮುಂಚೆ ಮಾತಾಡೋಕೆ ನಿಂತವನ ಕಷ್ಟ ನಿಮಗೆ ಗೊತ್ತು. ಹಿಂದಿನ ಬಾಗಿಲಿನಿಂದ ಬಿಸಿಬೇಳೆಬಾತ್ ಘಮ ಬರ್ತಾ ಇದೆ, ಮಕ್ಕಳು ಆಗಲೇ ತಟ್ಟೆ ಹಿಡ್ಕೊಂಡು ಓಡಾಡ್ತಿದ್ದಾರೆ. ಇಪ್ಪತ್ತು ನಿಮಿಷದಲ್ಲಿ ಮುಗಿಸ್ತೀನಿ ಅಂತ ಮಾತು ಕೊಟ್ಟಿದ್ದೀನಿ.

ನಾನು ಆಫೀಸುಗಳಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸದವನು. ಅದಕ್ಕೇ ಇಂಥ ಕೂಟಗಳಲ್ಲಿ ಯಾರಾದರೂ ನನ್ನ ಭುಜ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋಗಿ ಕೇಳ್ತಾರೆ: “ನಮ್ಮ ಆಫೀಸಿಗೆ ಹೊಸ ಸರ್ವರ್ ತಗೋಬೇಕಂತೆ. ಡೆಲ್ ಒಳ್ಳೇದಾ, ಎಚ್‌ಪಿ ಒಳ್ಳೇದಾ? ಲೆನೊವೊ ಅಗ್ಗ ಅಂತಾರೆ, ತಗೋಬಹುದಾ? ಯಾವುದು ಕೈ ಕೊಡಲ್ಲ?” ಒಂದೇ ಮಾತಿನ ಉತ್ತರ ಬೇಕು ಅವರಿಗೆ. ನಾನು ಪ್ರತಿ ಸಲ ತಡವರಿಸ್ತೀನಿ. ಇವತ್ತು ಎಲ್ಲರಿಗೂ ಒಟ್ಟಿಗೆ ಉತ್ತರ ಹೇಳಿಬಿಡೋಣ ಅಂತ ನಿಂತಿದ್ದೀನಿ.

ಇಲ್ಲಿ ನರ್ಸಿಂಗ್ ಮಾಡುವ ಅಕ್ಕಂದಿರಿದ್ದಾರೆ, ಅಡುಗೆ ಮನೆಯಲ್ಲಿ, ವೇರ್‌ಹೌಸಿನಲ್ಲಿ ದುಡಿಯುವ ಅಣ್ಣತಮ್ಮಂದಿರಿದ್ದಾರೆ. ಸರ್ವರ್ ಕಟ್ಟಿಕೊಂಡು ನಮಗೇನು ಅಂತ ಎದ್ದು ಹೋಗಬೇಡಿ. ನಿಮ್ಮ ರೋಸ್ಟರ್, ನಿಮ್ಮ ಸಂಬಳದ ಲೆಕ್ಕ, ನಿಮ್ಮ ಓವರ್‌ಟೈಮ್ ಎಲ್ಲವೂ ಎಲ್ಲೋ ಒಂದು ಸರ್ವರ್ ಒಳಗೆ ಕೂತಿರುತ್ತದೆ. ಅದು ಕೆಟ್ಟರೆ ಏನಾಗುತ್ತೆ ಅನ್ನೋದನ್ನ ನಾನು ಕಣ್ಣಾರೆ ನೋಡಿದ್ದೀನಿ. ಆ ಕತೆ ಆಮೇಲೆ ಹೇಳ್ತೀನಿ.

ಮೊದಲು ನಮ್ಮಪ್ಪನ ವಿಷಯ. ನಮ್ಮದು ತಿಪಟೂರು ಕಡೆ, ತೆಂಗಿನ ತೋಟ. ಬೋರ್‌ವೆಲ್ ಮೋಟರ್ ಸುಟ್ಟಾಗ ಹೊಸದು ತರೋಕೆ ಅಪ್ಪನ ಜೊತೆ ನಾನೂ ಅಂಗಡಿಗೆ ಹೋಗ್ತಿದ್ದೆ. ಅಂಗಡಿಯವನು ಒಂದೊಂದು ಕಂಪನಿಯ ಗುಣಗಾನ ಮಾಡ್ತಿದ್ದ. ಅಪ್ಪ ಎಲ್ಲ ಕೇಳಿಸಿಕೊಂಡು ಕೊನೆಗೆ ಎರಡೇ ಪ್ರಶ್ನೆ ಕೇಳೋರು: “ಇದರ ವೈಂಡಿಂಗ್ ನಮ್ಮೂರಲ್ಲಿ ಯಾರು ಮಾಡ್ತಾರೆ? ಸಾಮಾನು ಎಷ್ಟು ದಿನಕ್ಕೆ ಸಿಗುತ್ತೆ?” ಬೇಸಿಗೆಯಲ್ಲಿ ಮೋಟರ್ ನಿಂತರೆ ಗಿಡ ಒಣಗೋಕೆ ಎಷ್ಟು ದಿನ ಬೇಕು ಅನ್ನೋದು ಅವರ ಲೆಕ್ಕ. ಕೆಡದೇ ಇರುವ ಮೋಟರ್ ಇದೆ ಅಂತ ಅವರು ಯಾವತ್ತೂ ನಂಬಲಿಲ್ಲ. ನಾನು ಇಂಜಿನಿಯರಿಂಗ್ ಓದಿ, ಹತ್ತಾರು ಸರ್ಟಿಫಿಕೇಟ್ ತಗೊಂಡು, ಕೊನೆಗೆ ಆ ಎರಡು ಪ್ರಶ್ನೆಗಳ ಹತ್ತಿರಕ್ಕೇ ವಾಪಸ್ ಬಂದಿದ್ದೀನಿ.

ಈಗ ಕಂಪನಿಗಳ ವಿಷಯಕ್ಕೆ ಬರೋಣ. ಡೆಲ್‌ನ ಪವರ್‌ಎಡ್ಜ್, ಎಚ್‌ಪಿಇ ಕಂಪನಿಯ ಪ್ರೊಲಯಂಟ್, ಲೆನೊವೊದ ಥಿಂಕ್‌ಸಿಸ್ಟಮ್, ಸೂಪರ್‌ಮೈಕ್ರೊ, ಫುಜಿತ್ಸು, ಸಿಸ್ಕೊ: ಆಫೀಸುಗಳಲ್ಲಿ ನಾವು ನೋಡುವ ಹೆಸರುಗಳು ಹೆಚ್ಚುಕಮ್ಮಿ ಇವೇ. ಮುಚ್ಚಳ ತೆಗೆದು ನೋಡಿ. ಒಳಗೆ ಇರೋದು ಇಂಟೆಲ್ ಅಥವಾ ಎಎಮ್‌ಡಿ ಪ್ರೊಸೆಸರ್. ಮೆಮೊರಿ ಸ್ಯಾಮ್‌ಸಂಗ್, ಹೈನಿಕ್ಸ್ ಅಥವಾ ಮೈಕ್ರಾನ್‌ದು. ಹಾರ್ಡ್ ಡಿಸ್ಕ್ ಸೀಗೇಟ್, ತೋಷಿಬಾ ಅಥವಾ ವೆಸ್ಟರ್ನ್ ಡಿಜಿಟಲ್‌ದು. ಹೊರಗಿನ ಪೆಟ್ಟಿಗೆಯ ಮೇಲಿನ ಹೆಸರು ಬೇರೆ ಬೇರೆ, ಒಳಗಿನ ಸಾಮಾನು ಬಹುಮಟ್ಟಿಗೆ ಒಂದೇ ಸಂತೆಯಿಂದ ಬಂದದ್ದು.

ಆ ಹೊರಗಿನ ಹೆಸರೂ ಶಾಶ್ವತ ಅಲ್ಲ. ನಾವಿರುವ ಈ ದೇಶದಲ್ಲೇ ಅದರ ಚರಿತ್ರೆ ಕಾಣುತ್ತದೆ. ಗಾಲ್ವೇಯಲ್ಲಿ ಡಿಜಿಟಲ್ ಈಕ್ವಿಪ್‌ಮೆಂಟ್ ಅನ್ನುವ ಅಮೆರಿಕದ ಕಂಪನಿ 1971ರಲ್ಲಿ ಕಂಪ್ಯೂಟರ್ ಕಾರ್ಖಾನೆ ತೆರೆಯಿತು. 1993ರಲ್ಲಿ ಅಲ್ಲಿನ ತಯಾರಿಕೆ ನಿಂತು ನೂರಾರು ಜನರ ಕೆಲಸ ಹೋಯಿತು. 1998ರಲ್ಲಿ ಆ ಕಂಪನಿಯನ್ನೇ ಕಾಂಪ್ಯಾಕ್ ಕೊಂಡಿತು. 2002ರಲ್ಲಿ ಕಾಂಪ್ಯಾಕ್ ಎಚ್‌ಪಿ ಜೊತೆ ಸೇರಿತು. 2015ರಲ್ಲಿ ಎಚ್‌ಪಿ ಎರಡು ಭಾಗವಾಗಿ ಸರ್ವರ್ ವ್ಯಾಪಾರ ಎಚ್‌ಪಿಇ ಆಯಿತು. ಪ್ರೊಲಯಂಟ್ ಅನ್ನುವ ಹೆಸರು ಹುಟ್ಟಿದ್ದು ಕಾಂಪ್ಯಾಕ್ ಮನೆಯಲ್ಲಿ, ಬಾಳ್ತಾ ಇರೋದು ಬೇರೆ ಮನೆಯಲ್ಲಿ. ಐಬಿಎಮ್ ತನ್ನ ಸಾಮಾನ್ಯ ಸರ್ವರ್ ವ್ಯಾಪಾರವನ್ನ 2014ರಲ್ಲಿ ಲೆನೊವೊಗೆ ಮಾರಿಬಿಟ್ಟಿತು. ಕಾರ್ಕ್ ಹತ್ತಿರದ ಓವೆನ್ಸ್‌ನಲ್ಲಿದ್ದ ಇಎಮ್‌ಸಿ 2016ರಲ್ಲಿ ಡೆಲ್ ಪಾಲಾಯಿತು.

ಇನ್ನು ಲಿಮರಿಕ್. ಅಲ್ಲಿ ಡೆಲ್ 1991ರಿಂದ ಕಂಪ್ಯೂಟರ್ ಜೋಡಿಸಿ ಯುರೋಪಿಗೆಲ್ಲ ಕಳಿಸ್ತಿತ್ತು. 2009ರ ಜನವರಿಯಲ್ಲಿ ಆ ತಯಾರಿಕೆಯನ್ನ ಪೋಲೆಂಡಿನ ಲೋಡ್ಜ್‌ಗೆ ಸಾಗಿಸ್ತೀವಿ ಅಂತ ಘೋಷಣೆ ಬಂತು, 1,900 ಜನರ ಕೆಲಸಕ್ಕೆ ಕುತ್ತು ಬಂತು. ಡೆಲ್ ಲಿಮರಿಕ್ ಬಿಟ್ಟು ಹೋಗಲಿಲ್ಲ, ಬೇರೆ ಕೆಲಸಗಳು ಇವತ್ತಿಗೂ ಅಲ್ಲಿ ನಡೀತಿವೆ. ನಾನು ಹೇಳೋದು ಇಷ್ಟೇ: ಕಂಪನಿ ಹೆಸರಿನ ಮೇಲೆ ಭಕ್ತಿ ಇಟ್ಟುಕೊಂಡರೆ ಆ ಹೆಸರು ನಾಳೆ ಯಾರ ಕೈಯಲ್ಲಿರುತ್ತೋ, ಎಲ್ಲಿ ತಯಾರಾಗುತ್ತೋ ಹೇಳೋಕಾಗಲ್ಲ.

ಹಾಗಾದರೆ ವ್ಯತ್ಯಾಸವೇ ಇಲ್ವಾ? ಇದೆ. ಮೂರು ಕಡೆ ಇದೆ.

ಒಂದು, ದೂರದಿಂದ ನೋಡಿಕೊಳ್ಳುವ ಸೌಕರ್ಯ. ಸರ್ವರ್ ಆಫ್ ಆಗಿದ್ದರೂ ಒಳಗೆ ಒಂದು ಪುಟ್ಟ ಕಂಪ್ಯೂಟರ್ ಎದ್ದಿರುತ್ತದೆ. ಡೆಲ್‌ನಲ್ಲಿ ಅದರ ಹೆಸರು ಐಡ್ರ್ಯಾಕ್, ಎಚ್‌ಪಿಇಯಲ್ಲಿ ಐಲೋ, ಲೆನೊವೊದಲ್ಲಿ ಎಕ್ಸ್‌ಕ್ಲಾರಿಟಿ. ಫ್ಯಾನ್ ನಿಂತಿತು, ಡಿಸ್ಕ್ ಸಾಯ್ತಾ ಇದೆ ಅಂತ ಇದೇ ನಮಗೆ ಮೇಲ್ ಕಳಿಸುತ್ತದೆ. ಮನೆಯಲ್ಲಿ ಕೂತೇ ಸರ್ವರ್‌ನ ಪರದೆ ಪೂರ್ತಿ ನೋಡಬೇಕು ಅಂದರೆ ಡೆಲ್, ಎಚ್‌ಪಿಇ ಎರಡರಲ್ಲೂ ಮೇಲಿನ ದರ್ಜೆಯ ಲೈಸೆನ್ಸ್ ಬೇಕು. ಕೊಟೇಶನ್‌ನಲ್ಲಿ ಆ ಸಾಲು ಇದೆಯಾ ನೋಡಿ. ಅಗ್ಗದ ಕೊಟೇಶನ್ ಅಗ್ಗವಾಗಿರೋದು ಎಷ್ಟೋ ಸಲ ಆ ಸಾಲು ಬಿಟ್ಟಿರೋದರಿಂದಲೇ.

ಎರಡು, ಫರ್ಮ್‌ವೇರ್. ಯಂತ್ರದ ಒಳಗಿನ ಮೂಲ ತಂತ್ರಾಂಶ ಇದು, ಇದಕ್ಕೂ ಕಾಲಕಾಲಕ್ಕೆ ತಿದ್ದುಪಡಿ ಬರುತ್ತದೆ. ಡೆಲ್ ಸರ್ವರ್‌ಗೆ ಸರ್ವಿಸ್ ಟ್ಯಾಗ್ ಹಾಕಿದರೆ ತಿದ್ದುಪಡಿ ಇಳಿಸಿಕೊಳ್ಳಬಹುದು. ಪ್ರೊಲಯಂಟ್‌ನ ಬಯೋಸ್, ಸರ್ವಿಸ್ ಪ್ಯಾಕ್‌ಗಳಿಗೆ 2014ರಿಂದ ವಾರಂಟಿ ಅಥವಾ ಸಪೋರ್ಟ್ ಒಪ್ಪಂದ ಬೇಕು ಅನ್ನುವ ನಿಯಮ ಬಂತು. ಹಳೆಯ ಸರ್ವರ್ ಅರ್ಧ ಬೆಲೆಗೆ ಸಿಗುತ್ತೆ ಅಂತ ತಗೊಳ್ಳುವವರು ಇದನ್ನ ಮೊದಲೇ ವಿಚಾರಿಸಿಕೊಳ್ಳಬೇಕು.

ಮೂರು, ರಿಪೇರಿ. ಇದು ಅಪ್ಪನ ಪ್ರಶ್ನೆ. ನಾಲ್ಕು ಗಂಟೆಯಲ್ಲಿ ಬರ್ತೀವಿ ಅನ್ನುವ ಒಪ್ಪಂದ ಬೇರೆ, ಮಾರನೆಯ ಕೆಲಸದ ದಿನ ಬರ್ತೀವಿ ಅನ್ನುವ ಒಪ್ಪಂದ ಬೇರೆ. ಶುಕ್ರವಾರ ಸಂಜೆ ಕೆಟ್ಟರೆ ಮಾರನೆಯ ಕೆಲಸದ ದಿನ ಅಂದರೆ ಸೋಮವಾರ. ಸೋಮವಾರ ಬ್ಯಾಂಕ್ ಹಾಲಿಡೇ ಆದರೆ ಮಂಗಳವಾರ. ನಿಮ್ಮ ಆಫೀಸು ಡಬ್ಲಿನ್‌ನಲ್ಲಿದೆಯೋ ಮೇಯೊ, ಡಾನಿಗಾಲ್ ಕಡೆ ಇದೆಯೋ, ಬಿಡಿಭಾಗ ಎಲ್ಲಿಂದ ಹೊರಡಬೇಕು, ಇದನ್ನ ಮಾರುವವರ ಬಾಯಲ್ಲೇ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ಒಬ್ಬ ಡೀಲರ್ “ನಮ್ಮಲ್ಲಿ ಆ ಡಿಸ್ಕ್ ಸ್ಟಾಕ್ ಇರುತ್ತೆ” ಅಂದರೆ ಅದಕ್ಕೆ ಬೆಲೆ ಇದೆ.

ಯಾವ ಕಂಪನಿಯದು ಎಷ್ಟು ಸಲ ಕೆಡುತ್ತೆ ಅಂತ ಲೆಕ್ಕ ಇಲ್ವಾ ಅಂತ ಕೇಳಬಹುದು. ಸರ್ವರ್ ಕಂಪನಿಗಳು ತಮ್ಮ ಲೆಕ್ಕವನ್ನ ಬಯಲಿಗಿಡುವುದಿಲ್ಲ. ಡಿಸ್ಕ್‌ಗಳ ಲೆಕ್ಕ ಮಾತ್ರ ಚೆನ್ನಾಗಿ ಸಿಗುತ್ತದೆ. ಅಮೆರಿಕದ ಬ್ಯಾಕ್‌ಬ್ಲೇಜ್ ಅನ್ನುವ ಕಂಪನಿ 2013ರಿಂದ ತನ್ನ ಹಾರ್ಡ್ ಡಿಸ್ಕ್‌ಗಳ ಸಾವಿನ ಪಟ್ಟಿಯನ್ನ ಪ್ರಕಟಿಸ್ತಾ ಬಂದಿದೆ. 2021ರಲ್ಲಿ ವರ್ಷಕ್ಕೆ 100ಕ್ಕೆ 1.01, 2022ರಲ್ಲಿ 1.37, 2023ರಲ್ಲಿ 1.70 ಡಿಸ್ಕ್ ಕೆಟ್ಟವು. 2007ರಲ್ಲಿ ಗೂಗಲ್‌ನವರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನ ಅಭ್ಯಾಸ ಮಾಡಿ ಬರೆದರು: ಡಿಸ್ಕ್ ತಪಾಸಣೆಯಲ್ಲಿ ಮೊದಲ ದೋಷ ಕಂಡ ಮೇಲೆ 60 ದಿನದೊಳಗೆ ಅದು ಸಾಯುವ ಸಾಧ್ಯತೆ, ದೋಷವಿಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು. ಈ 39ರ ಲೆಕ್ಕ ಸ್ವಲ್ಪ ಮನಸ್ಸಿನಲ್ಲಿ ಇಟ್ಟುಕೊಂಡಿರಿ.

ಇನ್ನೊಂದು ಉದಾಹರಣೆ. 2019ರ ನವೆಂಬರ್‌ನಲ್ಲಿ ಎಚ್‌ಪಿಇ ಒಂದು ಎಚ್ಚರಿಕೆ ಹೊರಡಿಸಿತು. ಅವರು ಮಾರಿದ್ದ ಕೆಲವು ಮಾದರಿಯ ಎಸ್‌ಎಸ್‌ಡಿಗಳು ಸರಿಯಾಗಿ 32,768 ಗಂಟೆ ಓಡಿದ ಮೇಲೆ ಸತ್ತುಹೋಗ್ತವೆ, ಅಂದರೆ 3 ವರ್ಷ 270 ದಿನ 8 ಗಂಟೆ. ಸತ್ತರೆ ಡಿಸ್ಕೂ ಇಲ್ಲ, ಒಳಗಿನ ಮಾಹಿತಿಯೂ ಇಲ್ಲ. ಪ್ರೋಗ್ರಾಂ ಬರೆಯುವವರು ಈಗಲೇ ನಗ್ತಿದ್ದೀರಿ, ಎರಡನ್ನು ಹದಿನೈದು ಸಲ ಗುಣಿಸಿದರೆ ಬರುವ ಸಂಖ್ಯೆ ಅದು. ಫರ್ಮ್‌ವೇರ್ ಒಳಗಿನ ತಪ್ಪು. 2020ರಲ್ಲಿ ಬೇರೆ ಕೆಲವು ಮಾದರಿಗಳಿಗೆ 40,000 ಗಂಟೆಯ ಗಡುವಿನ ಎಚ್ಚರಿಕೆ ಬಂತು. ಆ ಸಲ ಡೆಲ್ ಕೂಡ ಅಂಥದೇ ಎಚ್ಚರಿಕೆ ಕೊಡಬೇಕಾಯಿತು, ಯಾಕೆಂದರೆ ಡಿಸ್ಕ್ ಮಾಡಿದವರು ಇವರಿಬ್ಬರೂ ಅಲ್ಲ, ಮೂರನೆಯವರು.

ಇದರಲ್ಲಿ ಭಯಂಕರವಾದ ಅಂಶ ಏನು ಗೊತ್ತಾ? ಒಂದು ಡಿಸ್ಕ್ ಹೋದರೆ ಇನ್ನೊಂದು ಇದೆ ಅಂತ ನಾವು ಎರಡೆರಡು, ಆರಾರು ಡಿಸ್ಕ್ ಹಾಕ್ತೀವಿ. ಆರನ್ನೂ ಒಂದೇ ದಿನ ಚಾಲೂ ಮಾಡಿರ್ತೀವಿ. ಗಡುವು ಬಂದಾಗ ಆರೂ ಹೆಚ್ಚುಕಮ್ಮಿ ಒಟ್ಟಿಗೇ ಹೋಗ್ತವೆ. ಆ ತಿದ್ದುಪಡಿ ಹಾಕಿದವರು ಬಚಾವಾದರು. ಅದೇ ಪೆಟ್ಟಿಗೆ, ಅದೇ ಕಂಪನಿ, ಅದೇ ಬೆಲೆ. ಒಬ್ಬರ ಸರ್ವರ್ ಉಳಿಯುತ್ತೆ, ಇನ್ನೊಬ್ಬರದು ಹೋಗುತ್ತೆ.

ಈಗ ನನ್ನ ಕತೆ. ಸರ್ವರ್ ಯಾವ ಕಂಪನಿಯದು ಅಂತ ಹೇಳಲ್ಲ. ಹೇಳಿದರೆ ನೀವು ಆ ಹೆಸರೊಂದನ್ನೇ ನೆನಪಿಟ್ಟುಕೊಂಡು ಮನೆಗೆ ಹೋಗ್ತೀರಿ.

2019ರ ಜನವರಿಯಲ್ಲಿ ಬಂದೆ. ಕ್ರಿಟಿಕಲ್ ಸ್ಕಿಲ್ಸ್ ಪರ್ಮಿಟ್. ಆಗಿನ ನಿಯಮದಲ್ಲಿ ಮೊದಲ 12 ತಿಂಗಳು ಅದೇ ಮಾಲೀಕರ ಬಳಿ ಇರಬೇಕಿತ್ತು. 2024ರ ಸೆಪ್ಟೆಂಬರ್‌ನಿಂದ ಅದು 9 ತಿಂಗಳಾಗಿದೆ. ಹೆಂಡತಿ ಮಗು ಊರಲ್ಲಿ, ಇಲ್ಲಿ ನಾನೊಬ್ಬನೇ. ಆಫೀಸಿನಲ್ಲಿ ಮಾತು ಕಮ್ಮಿ, ತಲೆ ತಗ್ಗಿಸಿ ಕೆಲಸ. ಮೊದಲ ವರ್ಷ ನಾವೆಲ್ಲ ಹೇಗಿರ್ತೀವಿ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅದು ಸಾಮಾನು ಸಾಗಿಸುವ ಒಂದು ಕಂಪನಿ. ಸರ್ವರ್ ಇದ್ದದ್ದು ಕಸಪೊರಕೆ, ಮಾಪು ಇಡುವ ಕೋಣೆಯ ಪಕ್ಕದ ಗೂಡಿನಲ್ಲಿ. ಆರು ಡಿಸ್ಕ್, ಎಲ್ಲವೂ ಒಂದೇ ದಿನ ಕೊಂಡದ್ದು. ಒಂದು ಹೋದರೆ ತಡೆಯುವ, ಎರಡು ಹೋದರೆ ತಡೆಯದ ರೇಡ್ 5 ಜೋಡಣೆ. ಅಕ್ಟೋಬರ್ ಮೊದಲ ವಾರದಲ್ಲಿ ಒಂದು ಡಿಸ್ಕ್ ಕೇಸರಿ ದೀಪ ತೋರಿಸಿತು. ಇನ್ನೇನು ಸಾಯ್ತೀನಿ ಅನ್ನುವ ಸೂಚನೆ. ಮ್ಯಾನೇಜರ್‌ಗೆ ಬಾಯಲ್ಲಿ ಹೇಳಿದೆ. “ಮುಂದಿನ ಕ್ವಾರ್ಟರ್ ಬಜೆಟ್‌ನಲ್ಲಿ ನೋಡೋಣ” ಅಂದರು. ಸರಿ ಅಂದೆ. ಆಮೇಲೆ 19 ದಿನ ಆ ದೀಪ ನೋಡ್ತಾ ಓಡಾಡಿದೆ. ಎರಡನೆಯ ಸಲ ಹೇಳೋಕೆ ಧೈರ್ಯ ಬರಲಿಲ್ಲ. ಹೊಸಬ, ಪರದೇಶಿ, ಪರ್ಮಿಟ್ ಅವರ ಕೈಯಲ್ಲಿದೆ, ಸುಮ್ಮನೆ ಯಾಕೆ ಕಿರಿಕಿರಿ ಮಾಡಬೇಕು ಅಂದುಕೊಂಡೆ.

ಬ್ಯಾಂಕ್ ಹಾಲಿಡೇಗೆ ಮುಂಚಿನ ಶುಕ್ರವಾರ ಆ ಡಿಸ್ಕ್ ಸತ್ತಿತು. ಸ್ಟಾಕ್‌ನಲ್ಲಿದ್ದ ಒಂದು ಡಿಸ್ಕ್ ಹಾಕಿದೆ. ಉಳಿದ ಐದು ಡಿಸ್ಕ್‌ಗಳಿಂದ ಹೊಸದಕ್ಕೆ ಮಾಹಿತಿ ತುಂಬುವ ಕೆಲಸ ಶುರುವಾಯಿತು. ಆಗ ಉಳಿದವೆಲ್ಲ ಬಿಡುವಿಲ್ಲದೆ ದುಡಿಯಬೇಕು. ಅವೂ ಅಷ್ಟೇ ವಯಸ್ಸಿನವು. ಬೆಳಗಿನ ಜಾವ ನಾಲ್ಕಕ್ಕೆ ಇನ್ನೊಂದು ಹೋಯಿತು. ಮುಗೀತು.

ಬ್ಯಾಕಪ್ ಇದೆಯಲ್ಲ ಅಂತ ಸಮಾಧಾನ ಮಾಡಿಕೊಂಡೆ. ಪ್ರತಿ ರಾತ್ರಿ “ಯಶಸ್ವಿ” ಅಂತ ಹಸಿರು ಗುರುತು ಬರ್ತಿತ್ತು. ತೆರೆದು ನೋಡಿದರೆ ಆಗಸ್ಟ್‌ನಿಂದ ಈಚೆಗೆ ಖಾಲಿ. ಆಗಸ್ಟ್‌ನಲ್ಲಿ ನಾನೇ ಡೇಟಾಬೇಸನ್ನ ಬೇರೆ ಜಾಗಕ್ಕೆ ಸಾಗಿಸಿದ್ದೆ. ಬ್ಯಾಕಪ್‌ಗೆ ಹೊಸ ಜಾಗ ಹೇಳೋದು ಮರೆತಿದ್ದೆ. ಅದು ಹನ್ನೊಂದು ವಾರ ಹಳೆಯ ಖಾಲಿ ಕೋಣೆಯನ್ನ ನಿಷ್ಠೆಯಿಂದ ನಕಲು ಮಾಡ್ತಾ ಇತ್ತು. ಅದಕ್ಕೆ ಡಿಸ್ಕ್ ಕಂಪನಿಯೂ ಹೊಣೆಯಲ್ಲ, ಸರ್ವರ್ ಕಂಪನಿಯೂ ಹೊಣೆಯಲ್ಲ. ತಪ್ಪು ನನ್ನದು.

ಬಿಲ್ಲುಗಳನ್ನ ಕಾಗದದಿಂದ ಮತ್ತೆ ತುಂಬಿಸಿದೆವು. ತುಂಬಿಸಲಾಗದ್ದು ಒಂದಿತ್ತು. ವೇರ್‌ಹೌಸಿನ ಹುಡುಗರು ಒಳಗೆ ಬಂದ, ಹೊರಗೆ ಹೋದ ಗಂಟೆಗಳ ದಾಖಲೆ. ಎಂಟು ಜನ, ಬ್ರೆಜಿಲ್‌ನವರು, ರೊಮೇನಿಯಾದವರು, ಒಬ್ಬ ಕೇರಳದವನು. ರಾತ್ರಿ ಪಾಳಿ ಓವರ್‌ಟೈಮ್ ಎಲ್ಲ ಅದರಲ್ಲಿತ್ತು. ಆ ತಿಂಗಳು ಅವರಿಗೆ ಬರೀ ಮೂಲ ಗಂಟೆಗಳ ಸಂಬಳ ಬಂತು. ಅವರು ಬಂದು ಕೇಳಿದಾಗ ಆಫೀಸಿನವರು “ಸಿಸ್ಟಮ್ ಪ್ರಾಬ್ಲಮ್” ಅಂದರು. ಆ ಸಿಸ್ಟಮ್ ನಾನೇ ಅಂತ ನನಗೆ ಮಾತ್ರ ಗೊತ್ತಿತ್ತು.

ಅವರಲ್ಲಿ ಒಬ್ಬ ಬ್ರೆಜಿಲ್ ಹುಡುಗ ಜೇಬಿನಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದ. ಬಂದ ದಿನದಿಂದ ಪ್ರತಿ ಪಾಳಿಯ ಶುರು, ಕೊನೆ, ಜೊತೆಗೆ ಯಾರ್ಯಾರು ಇದ್ದರು ಅಂತ ಬರೆದಿಟ್ಟಿದ್ದ. ಮಸಿ, ಎಣ್ಣೆ, ಬೆರಳಿನ ಗುರುತು. ಅದನ್ನ ಲಾರಿಗಳ ಡಾಕೆಟ್‌ಗಳ ಜೊತೆ ತಾಳೆ ನೋಡಿ ಎಂಟೂ ಜನರ ಲೆಕ್ಕ ಕಟ್ಟಿದೆವು. ಬಾಕಿ ಕೈಗೆ ಬಂದಾಗ ಕ್ರಿಸ್‌ಮಸ್ ಕಳೆದಿತ್ತು. ಸಾವಿರಾರು ಯೂರೊದ ಸರ್ವರ್ ಕೈಬಿಟ್ಟಾಗ ಕೈಹಿಡಿದದ್ದು ಒಂದು ನೋಟ್‌ಬುಕ್.

ಕೆಲಸ ಹೋಗುತ್ತೆ ಅಂದುಕೊಂಡಿದ್ದೆ, ಹೋಗಲಿಲ್ಲ. ಮ್ಯಾನೇಜರ್ ಒಂದೇ ಮಾತು ಕೇಳಿದರು: “ಇಷ್ಟು ದೊಡ್ಡ ಅಪಾಯ ಅಂತ ನನಗೆ ಯಾಕೆ ಬರೆದು ತಿಳಿಸಲಿಲ್ಲ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಪರ್ಮಿಟ್ ಉಳಿಸಿಕೊಳ್ಳೋಕೆ ಅಂತ ಬಾಯಿ ಮುಚ್ಚಿಕೊಂಡಿದ್ದೆ. ಬಾಯಿ ಮುಚ್ಚಿಕೊಂಡದ್ದಕ್ಕೇ ಪರ್ಮಿಟ್ ಹೋಗುವ ಹಂತಕ್ಕೆ ಬಂದಿತ್ತು.

ಹೊರಗಿನ ದೊಡ್ಡ ಪೆಟ್ಟುಗಳೂ ಇದನ್ನೇ ಹೇಳ್ತವೆ. 2021ರ ಮೇ 14ರಂದು ಎಚ್‌ಎಸ್‌ಇ ಮೇಲೆ ಸೈಬರ್ ದಾಳಿ ಆದದ್ದು ಇಲ್ಲಿರುವ ನರ್ಸ್ ಅಕ್ಕಂದಿರಿಗೆ ನನಗಿಂತ ಚೆನ್ನಾಗಿ ನೆನಪಿದೆ. ಎಲ್ಲ ಕಂಪ್ಯೂಟರ್ ಆರಿಸಿ ಪೆನ್ನು ಕಾಗದ ಹಿಡಿದು ವಾರ್ಡ್ ನಡೆಸಿದಿರಿ. ದಾಳಿಕೋರರು ಒಳಗೆ ಕಾಲಿಟ್ಟದ್ದು ಮಾರ್ಚ್ 18ರಂದು, ಒಂದು ಎಕ್ಸೆಲ್ ಫೈಲ್ ತೆರೆದಾಗ. ನಡುವೆ ಎಂಟು ವಾರ ಸಮಯವಿತ್ತು, ನಡುವೆ ಸಿಕ್ಕ ಎಚ್ಚರಿಕೆಗಳ ಮೇಲೆ ಆಗಬೇಕಾದ ಕೆಲಸ ಆಗಲಿಲ್ಲ ಅಂತ ಆಮೇಲಿನ ವರದಿ ಹೇಳಿತು. 2025ರ ಜನವರಿ 24ರ ಎಯೊವಿನ್ ಬಿರುಗಾಳಿಯಲ್ಲಿ ಮೇಸ್ ಹೆಡ್‌ನಲ್ಲಿ ಗಾಳಿ ಭಾರಿ ವೇಗದಲ್ಲಿ ಬೀಸಿತು, 7 ಲಕ್ಷ 68 ಸಾವಿರ ಮನೆ, ಅಂಗಡಿ, ಆಫೀಸುಗಳ ಕರೆಂಟ್ ಹೋಯಿತು. ಕರೆಂಟ್ ಇಲ್ಲದಾಗ ಎಲ್ಲ ಕಂಪನಿಯ ಸರ್ವರೂ ಒಂದೇ. ಲೋಡ್‌ಶೆಡ್ಡಿಂಗ್‌ನಲ್ಲಿ ಬೆಳೆದ ನಮಗೆ ಯುಪಿಎಸ್ ಬ್ಯಾಟರಿ ಅನ್ನೋದು ಮನೆಮಾತು. ಇಲ್ಲಿ ಎಷ್ಟೋ ಆಫೀಸುಗಳಲ್ಲಿ ಆ ಬ್ಯಾಟರಿ ಬದಲಿಸಿ ಎಷ್ಟು ವರ್ಷವಾಯಿತು ಅಂತ ಕೇಳಿದರೆ ಮುಖ ಮುಖ ನೋಡ್ತಾರೆ. ಸರ್ವರ್‌ಗೆ ಎರಡು ಪವರ್ ಸಪ್ಲೈ ಕೊಟ್ಟಿರ್ತಾರೆ, ಎರಡರ ಪ್ಲಗ್ಗೂ ಒಂದೇ ಬೋರ್ಡಿಗೆ ಚುಚ್ಚಿರ್ತಾರೆ!

ಊರು ಕೊಳ್ಳೆ ಹೊಡೆದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನುವ ಗಾದೆ ನಮ್ಮಲ್ಲೇ ಇದೆ. ಆದ್ದರಿಂದ ಮುಂಚೆಯೇ ಮಾಡಬಹುದಾದ್ದನ್ನ ಹೇಳಿ ಮುಗಿಸ್ತೀನಿ.

ಸರ್ವರ್ ಕೊಳ್ಳುವ ಮಾತು ಬಂದರೆ: ಡೆಲ್, ಎಚ್‌ಪಿಇ, ಲೆನೊವೊ ಮೂರರಲ್ಲಿ ನಿಮ್ಮ ಊರಿಗೆ ಬೇಗ ಬಂದು ರಿಪೇರಿ ಮಾಡುವವರು ಯಾರೋ, ನಿಮ್ಮ ಆಫೀಸಿನವರಿಗೆ ಯಾವುದರ ಕೈಬಳಕೆ ಇದೆಯೋ ಅದನ್ನ ತಗೊಳ್ಳಿ. ನಿಮ್ಮಲ್ಲಿ ಜಾಣ ಕೈಗಳಿದ್ದು ಬಿಡಿಭಾಗ ನೀವೇ ಇಟ್ಟುಕೊಳ್ಳುವುದಾದರೆ ಸೂಪರ್‌ಮೈಕ್ರೊದಲ್ಲಿ ಹಣ ಉಳಿಯಬಹುದು. ದೊಡ್ಡ ಡಿಸ್ಕ್‌ಗಳಿಗೆ ಎರಡು ಹೋದರೂ ತಡೆಯುವ ರೇಡ್ 6 ಹಾಕಿಸಿ. ಒಂದು ಡಿಸ್ಕ್ ಹೆಚ್ಚಿಗೆ ಕೊಂಡು ಇಡಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಲ್ಲಿ ಅನ್ನುವ ಬ್ಯಾಕಪ್ ಸೂತ್ರ ಪಾಲಿಸಿ. ಎಲ್ಲಕ್ಕಿಂತ ಮೊದಲು, ತಿಂಗಳಿಗೊಂದು ಸಲ ಬ್ಯಾಕಪ್‌ನಿಂದ ಒಂದು ಫೈಲನ್ನ ವಾಪಸ್ ತೆಗೆದು ತೆರೆದು ನೋಡಿ. ಹಸಿರು ಗುರುತನ್ನ ನಂಬಬೇಡಿ. ಫೈಲ್ ತೆರೆದರೆ ನಂಬಿ.

ಐಟಿಯಲ್ಲಿರುವ ತಮ್ಮಂದಿರಿಗೆ, ತಂಗಿಯರಿಗೆ: ಅಪಾಯ ಕಂಡರೆ ಆ ದಿನವೇ ಮೇಲ್ ಬರೆಯಿರಿ. ನಾಲ್ಕು ಸಾಲು ಸಾಕು. ಏನು ಕಂಡಿತು, ಕೆಟ್ಟರೆ ಏನಾಗುತ್ತೆ, ಸರಿಮಾಡೋಕೆ ಎಷ್ಟು ಯೂರೊ, ಯಾವತ್ತಿನೊಳಗೆ ಆಗಬೇಕು. ಅದು ಕಿರಿಕಿರಿ ಅಲ್ಲ, ಸಂಬಳ ಕೊಡೋದೇ ಅದಕ್ಕೆ. ಆ 39 ಪಟ್ಟು ಲೆಕ್ಕ ಅಂದು ನನ್ನ ಮೇಲ್‌ನಲ್ಲಿ ಇದ್ದಿದ್ದರೆ ಯಾವ ಮ್ಯಾನೇಜರೂ ಮುಂದಿನ ಕ್ವಾರ್ಟರ್ ಅನ್ನುತ್ತಿರಲಿಲ್ಲ.

ಉಳಿದ ಎಲ್ಲರಿಗೆ: ನಿಮ್ಮ ಗಂಟೆಗಳನ್ನ ನೀವೂ ಬರೆದಿಡಿ. ಇಲ್ಲಿನ 1997ರ ಕೆಲಸದ ಅವಧಿಯ ಕಾಯ್ದೆಯ ಪ್ರಕಾರ ಮಾಲೀಕರು ಆ ದಾಖಲೆಯನ್ನ 3 ವರ್ಷ ಇಡಬೇಕು. ದಾಖಲೆ ಇಲ್ಲದಿದ್ದರೆ, ತಾವು ಕಾಯ್ದೆ ಪಾಲಿಸಿದ್ದೇವೆ ಅಂತ ತೋರಿಸುವ ಹೊಣೆ ಅವರದೇ. ದೂರು ಕೊಡಬೇಕಾದರೆ ಸಾಮಾನ್ಯವಾಗಿ 6 ತಿಂಗಳೊಳಗೆ ವರ್ಕ್‌ಪ್ಲೇಸ್ ರಿಲೇಶನ್ಸ್ ಕಮಿಶನ್‌ಗೆ ಹೋಗಬೇಕು. ಕಾಯ್ದೆ ನಿಮ್ಮ ಕಡೆ ಇದೆ ನಿಜ, ಆದರೂ ಜೇಬಿನ ನೋಟ್‌ಬುಕ್ ಇದ್ದರೆ ಮಾತು ಬೇಗ ಮುಗಿಯುತ್ತದೆ.

ಹೋದ ಸಲ ಊರಿಗೆ ಹೋದಾಗ ಅಪ್ಪನಿಗೆ ಈ ಕತೆ ಹೇಳಿದೆ. ಎಲ್ಲ ಕೇಳಿ, “ಮೋಟರ್ ಸದ್ದು ಬದಲಾದ ದಿನವೇ ಇಳಿದು ನೋಡಬೇಕಪ್ಪ, ಹತ್ತೊಂಬತ್ತು ದಿನ ಕಾಯ್ತಾರಾ?” ಅಂದರು.

ನಾಳೆ ಆಫೀಸಿಗೆ ಹೋದಾಗ ಆ ಸರ್ವರ್ ಗೂಡಿನ ಬಾಗಿಲು ಒಮ್ಮೆ ತೆಗೆದು ನೋಡಿ. ಕೇಸರಿ ದೀಪ ಇದ್ದರೆ, ಕುರ್ಚಿಗೆ ವಾಪಸ್ ಬಂದು ಮೊದಲು ಮೇಲ್ ಬರೆಯಿರಿ, ಆಮೇಲೆ ಚಹಾ ಕುಡಿಯಿರಿ.

ಬಿಸಿಬೇಳೆಬಾತ್ ಆರ್ತಾ ಇದೆ.